ಸೀಸದ ಹನಿಯ ಮುಂದೆ ನಕ್ಕವರು

ಮೊದಲ ದಿನವೇ ಅವರು ನನ್ನ ಕಣ್ಣಿನ ರೆಪ್ಪೆಗೂದಲು ಕೇಳಿದರು. ಒಂದೇ ಒಂದು ಸಾಕು, ಆದರೆ ಉದ್ದ ಇರಬೇಕು, ಎಳೆದು ಕೀಳಬಾರದು, ತಾನಾಗಿ ಉದುರಿದ್ದೇ ಆಗಬೇಕು ಎಂದರು. ನಾನು ಪುಣೆಗೆ ಬಂದು ನಾಲ್ಕು ದಿನವಾಗಿತ್ತು. ಹಾಸನದಿಂದ ಪಿಎಚ್‌ಡಿ ಮಾಡಲು ಬಂದವಳು. ಮರಾಠಿ ಒಂದಕ್ಷರ ಗೊತ್ತಿಲ್ಲ, ಹಿಂದಿ ಯಾರಾದರೂ ಆಡಿದರೆ ತಲೆಯಾಡಿಸುವಷ್ಟು ಮಾತ್ರ. ಪ್ರಯೋಗಾಲಯದ ಮೂಲೆಯ ಪುಟ್ಟ ಕೋಣೆಯಲ್ಲಿ, ಇಳಕಲ್ ಸೀರೆಯ ಮೇಲೆ ಬಿಳಿ ಕೋಟು ತೊಟ್ಟ ಹೆಂಗಸೊಬ್ಬರು ನನ್ನ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ ನೋಡಿ, "ರೆಪ್ಪಿ ಚಲೋ ಅವ ತಂಗಿ. ಬಿದ್ರ ಒಗೀಬ್ಯಾಡ, ನನಗ ಕೊಡು" ಎಂದರು. ಹೆಸರು ಕೇಳಿದಾಗಲೇ ನಾನು ಕನ್ನಡದವಳೆಂದು ಹಿಡಿದುಬಿಟ್ಟಿದ್ದರಂತೆ. ಆ ಊರಿನಲ್ಲಿ ನನಗೆಂದು ಯಾರೋ ಆಡಿದ ಮೊದಲ ಕನ್ನಡ ಮಾತು ಅದು. ನನಗೆ ಅಳು ಬಂತು. ಅವರು ಸಮಾಧಾನ ಮಾಡುತ್ತಲೇ, ಕಣ್ಣೊರೆಸಿಕೊಂಡಾಗ ಕರ್ಚೀಫಿನಲ್ಲಿ ರೆಪ್ಪೆ ಏನಾದರೂ ಬಂದಿದೆಯೇ ನೋಡಿಕೋ ಎಂದರು.

ರೆಪ್ಪೆ ಯಾಕೆಂದು ನನಗೆ ವಾರದ ನಂತರ ತಿಳಿಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಏನನ್ನಾದರೂ ನೋಡಬೇಕೆಂದರೆ ಅದನ್ನು ಗಾಜಿನಂಥ ಗಟ್ಟಿ ಅಂಟಿನ ತುಂಡಿನಲ್ಲಿ ಹುದುಗಿಸಿ, ಆಮೇಲೆ ನಂಬಲಾಗದಷ್ಟು ತೆಳುವಾಗಿ ಕೊಯ್ಯಬೇಕು. ಕೊಯ್ದ ಪದರ ಚಾಕುವಿನ ಬೆನ್ನಿಗಿರುವ ಪುಟ್ಟ ನೀರಿನ ತೊಟ್ಟಿಯಲ್ಲಿ ತೇಲುತ್ತದೆ. ಬೆರಳು ದೂರದ ಮಾತು, ಸೂಜಿ ತಾಗಿದರೂ ಹರಿಯುತ್ತದೆ. ಹಲ್ಲುಕಡ್ಡಿಯ ತುದಿಗೆ ಒಂದು ರೆಪ್ಪೆಗೂದಲು ಅಂಟಿಸಿ ಅದರಿಂದ ನೀವುತ್ತಾ ನೀವುತ್ತಾ ದಾರಿ ತೋರಿಸಬೇಕು. ಅವರ ಡಬ್ಬಿಯಲ್ಲಿ ಅಂಥ ಹತ್ತು ಹನ್ನೆರಡು ಕಡ್ಡಿಗಳಿದ್ದವು. ಯಾವುದು ಯಾರ ರೆಪ್ಪೆ ಎಂಬುದು ಅವರಿಗೆ ನೆನಪಿರುತ್ತಿತ್ತು. ವಿದೇಶಕ್ಕೆ ಹೋಗಿ ದೊಡ್ಡ ಮನುಷ್ಯರಾದ ಹಳೆಯ ವಿದ್ಯಾರ್ಥಿಯೊಬ್ಬರ ರೆಪ್ಪೆಯನ್ನು ಅವರು ಕಡೆಯವರೆಗೂ ಬಳಸಿದರು.

ಸಂಸ್ಥೆಯಲ್ಲಿ ಎಲ್ಲರೂ ಅವರನ್ನು ಮೌಶಿ ಎನ್ನುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ. ನಾನೂ ಹಾಗೇ ಕರೆದೆ. ಈಗ ಅವರ ಬಗ್ಗೆ ಬರೆಯುತ್ತೇನೆ ಎಂದಾಗ, ಹೆಸರು ಮಾತ್ರ ಹಾಕಬೇಡ, ನಮ್ಮ ಸೊಸೆ ಓದುತ್ತಾಳೆ ಎಂದರು. ಆದ್ದರಿಂದ ಇಲ್ಲೂ ಮೌಶಿಯೇ.

ಅವರ ತಂದೆತಾಯಿ ಅಫಜಲಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು. ನಮ್ಮ ಸಂಸ್ಥೆಯ ಹೊಸ ಕಟ್ಟಡ ಕಟ್ಟುವಾಗ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದರಂತೆ. ಮೌಶಿ ಮರಾಠಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಅದೇ ಕಟ್ಟಡದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದರು. ಹೊಸಬರು ಯಾರಾದರೂ ಗೋಡೆಗೆ ಕಾಲು ಕೊಟ್ಟು ನಿಂತರೆ, ಈ ಗೋಡೆಗೆ ನಮ್ಮವ್ವ ಇಟ್ಟಿಗೆ ಹೊತ್ತಿದ್ದಾಳೆ, ಕಾಲು ತೆಗೆ ಎಂದು ಮರಾಠಿಯಲ್ಲಿ ಗದರುತ್ತಿದ್ದರು. ತೊಳೆಯುತ್ತಾ ತೊಳೆಯುತ್ತಾ ಪಕ್ಕದ ಕೋಣೆಯಲ್ಲಿ ಕೊಯ್ಯುವವರನ್ನು ನೋಡಿ ಕಲಿತರು. ನಾನು ಸೇರುವ ಹೊತ್ತಿಗೆ ಕೊಯ್ಯುವ ಕೋಣೆಗೆ ಅವರದೇ ರಾಜ್ಯಭಾರ. ಡಾಕ್ಟರೇಟು ಪಡೆದವರೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು.

ನೀರಿನಲ್ಲಿ ತೇಲುವ ಪದರದ ಬಣ್ಣ ನೋಡಿ ಅದರ ದಪ್ಪ ಹೇಳಬಹುದು. ಬಂಗಾರದ ಬಣ್ಣವಾದರೆ ದಪ್ಪವಾಯಿತು, ಬೆಳ್ಳಿಯ ಬಣ್ಣ ಬಂದರೆ ಸರಿಯಾಯಿತು. ನಾನು ಮೊದಮೊದಲು ಕೊಯ್ದದ್ದೆಲ್ಲ ಬಂಗಾರವೇ. ಅವರು ಕನ್ನಡಕದ ಮೇಲಿಂದ ನೋಡಿ, "ಸೊಸಿ ತರೂಮುಂದ ನಿನ್ನ ನೆನಸ್ತೀನಿ. ಇಲ್ಲಿ ಬೆಳ್ಳಿ ಸಾಕು" ಎನ್ನುತ್ತಿದ್ದರು. ನನಗೆ ಬೆಳ್ಳಿ ಬರಲು ನಾಲ್ಕು ತಿಂಗಳು ಹಿಡಿಯಿತು.

ಕೊಯ್ಯುವ ಮೊದಲು ಅಂಟಿನ ತುಂಡನ್ನು ಗಡ್ಡ ಕೆರೆಯುವ ಬ್ಲೇಡಿನಿಂದ ಹೆರೆದು ಮೊನಚು ಮಾಡಬೇಕು. ಆ ಬ್ಲೇಡು ಪುಣೆಯ ಕ್ಯಾಂಪ್ ಪೇಟೆಯ ಒಂದು ಹಳೆ ಅಂಗಡಿಯದೇ ಆಗಬೇಕು, ಬೇರೆ ಕಡೆಯದರ ಬಾಯಿ ಮೊಂಡು ಎಂಬುದು ಮೌಶಿಯ ಹಟ. ವರ್ಷಕ್ಕೆರಡು ಸಲ ಬಸ್ಸು ಹಿಡಿದು ಹೋಗಿ ಪೊಟ್ಟಣಗಟ್ಟಲೆ ತರುತ್ತಿದ್ದರು. ಎಷ್ಟೋ ವರ್ಷ ಹೀಗೆ ಕೊಟ್ಟ ಅಂಗಡಿಯ ಮುದುಕರು ಒಮ್ಮೆ ತಡೆಯಲಾರದೆ, ತಾಯಿ, ನಿಮ್ಮ ಯಜಮಾನರಿಗೆ ಅಷ್ಟೊಂದು ಗಡ್ಡ ಬೆಳೆಯುತ್ತದೆಯೇ ಎಂದು ಕೇಳಿದರಂತೆ. ಇವರು ಹೌದು, ದಿನಕ್ಕೆ ಮೂರು ಸಲ ಎಂದು ಬಂದರಂತೆ. ಮುಂದೊಂದು ದೀಪಾವಳಿಗೆ ಯಜಮಾನರನ್ನೇ ಕರೆದುಕೊಂಡು ಹೋದರು. ಅವರಿಗೆ ಇದ್ದದ್ದು ನಾಲ್ಕು ಕುರುಚಲು. ಈ ಕಥೆ ಹೇಳುವಾಗ ಮೌಶಿ ಕುರ್ಚಿಯಿಂದ ಬೀಳುವಷ್ಟು ನಗುತ್ತಿದ್ದರು. ಅವರ ನಗು ಹೊಟ್ಟೆಯಿಂದ ಏಳುವಂಥದ್ದು, ಒಮ್ಮೆ ಎದ್ದರೆ ತಡೆಯುವುದು ಕಷ್ಟ.

ನಮ್ಮ ಕೆಲಸವೆಲ್ಲ ಗೋಧಿಯ ತುಕ್ಕು ರೋಗದ ಮೇಲೆ. ಎಲೆಯ ಮೇಲೆ ಅರಿಶಿನಕ್ಕೂ ಇಟ್ಟಿಗೆಗೂ ನಡುವಿನ ಬಣ್ಣದ ಪುಡಿ ಏಳುತ್ತದೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಅರಿಶಿನಪುಡಿಗೆ ಭಂಡಾರ ಎನ್ನುವ ಮೌಶಿಯ ತಂದೆ ಅದನ್ನು ಭಂಡಾರ ರೋಗ ಎನ್ನುತ್ತಿದ್ದರಂತೆ. ಅದೊಂದು ಶಿಲೀಂಧ್ರ. ಪುಡಿಯ ಒಂದು ಕಣ ಎಲೆಯ ಮೇಲೆ ಮೊಳೆತು, ಎಲೆ ಉಸಿರಾಡುವ ರಂಧ್ರದಿಂದ ಒಳಗಿಳಿದು, ಗಿಡದ ಜೀವಕೋಶದ ಗೋಡೆಗೆ ಸಣ್ಣ ತೂತು ಮಾಡಿ, ಒಳಗೆ ಪುಟ್ಟ ಚೀಲವೊಂದನ್ನು ಊದಿ ಕೂರಿಸುತ್ತದೆ. ಅದಕ್ಕೆ ಹಾಸ್ಟೋರಿಯಂ ಎಂದು ಹೆಸರು. ಗಿಡದ ಅನ್ನವನ್ನು ಹೀರುವುದು ಈ ಚೀಲವೇ. ಸೋಜಿಗವೆಂದರೆ, ಗೋಡೆ ತೂತಾದರೂ ಅದರ ಒಳಗಿನ ತೆಳು ಪೊರೆ ಹರಿಯುವುದಿಲ್ಲ. ಅದು ಒಳಕ್ಕೆ ಬಾಗಿ, ಬಂದವನನ್ನು ಸುತ್ತಿಕೊಳ್ಳುತ್ತದೆ. ಕೋಶ ಬದುಕಿಕೊಂಡೇ ಇರುತ್ತದೆ, ಬಡಿಸುತ್ತಲೇ ಇರುತ್ತದೆ.

ನಾನಿದನ್ನು ಇಂಗ್ಲಿಷ್ ಪುಸ್ತಕಗಳಿಂದ ಓದಿದ್ದೆ, ಆದರೆ ಅರ್ಥವಾದದ್ದು ಮೌಶಿಯಿಂದ. ಪರದೆಯ ಮೇಲೆ ಆ ಚೀಲವನ್ನೂ ಸುತ್ತಲಿನ ಪೊರೆಯನ್ನೂ ತೋರಿಸಿ, "ಮನಿಯೊಳಗ ಬಂದಾನ, ಹಾಸಿಗಿ ಹಾಸ್ಯಾನ, ಉಂಡಾನ. ಆದ್ರ ಮನಿಯವರಿಗಿ ಇನ್ನಾ ಗೊತ್ತಿಲ್ಲ" ಎಂದಿದ್ದರು. ತುಕ್ಕಿನ ಕೋಶ ಒಂದೊಂದರಲ್ಲೂ ಎರಡೆರಡು ನ್ಯೂಕ್ಲಿಯಸ್ ಇರುತ್ತವೆ, ಒಂದರ ಪಕ್ಕ ಒಂದು, ಆದರೆ ಬಹಳ ಕಾಲ ಕೂಡುವುದಿಲ್ಲ. ಅವಕ್ಕೆ ಮೌಶಿಯ ವಿವರಣೆ, ಒಂದೇ ಖೋಲಿಯಲ್ಲಿ ಸಿಟ್ಟು ಮಾಡಿ ಕೂತ ಗಂಡಹೆಂಡತಿ. ನನ್ನ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಈ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು.

ಜೇಜುರಿಯ ಖಂಡೋಬಾ ಅವರ ಮನೆದೇವರು. ಹೋಗಿ ಬಂದ ಮರುದಿನ ಮೌಶಿ ತಪ್ಪದೆ ರಜೆ ಹಾಕುತ್ತಿದ್ದರು. ಬೆಟ್ಟ ಹತ್ತಿದ ಸುಸ್ತು ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಅಲ್ಲಿ ಎರಚುವ ಭಂಡಾರ, ಅಂದರೆ ಅರಿಶಿನಪುಡಿ, ಕೂದಲಲ್ಲಿ, ಕಿವಿಯಲ್ಲಿ, ಉಗುರಿನ ಸಂದಿಯಲ್ಲಿ ಉಳಿದಿರುತ್ತದೆ. ಅದರ ಒಂದು ಕಣ ಪದರದ ಮೇಲೆ ಬಿದ್ದರೂ ಕೆಲಸ ಕೆಟ್ಟಿತು. ಒಂದಿಡೀ ದಿನ ತೊಳೆದು ತೊಳೆದು, ಬಿಳಿ ಟವೆಲ್ಲಿನಲ್ಲಿ ಒರೆಸಿಕೊಂಡಾಗ ಹಳದಿ ಹತ್ತದಿದ್ದರೆ ಮಾತ್ರ ಮಾರನೆಯ ದಿನ ಕೋಣೆಗೆ ಬರುವುದು. ದೇವರ ಪ್ರಸಾದವನ್ನು ಹಾಗೆ ತಿಕ್ಕಿ ತೊಳೆಯಬಹುದೇ ಎಂದು ಕೆಣಕಿದೆ. ದೇವರಿಗೆ ನನ್ನ ನೌಕರಿ ಗೊತ್ತಿದೆ ಎಂದರು.

ಇಷ್ಟು ಜಾಗ್ರತೆಯ ಹೆಂಗಸು ಒಮ್ಮೆ ತಪ್ಪು ಮಾಡಿದರು. ಅದನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಹೇಳಿದರೆ ನನ್ನದೂ ಸ್ವಲ್ಪ ಹೊರಬೀಳುತ್ತದೆ, ಬೀಳಲಿ.

ಕೊಯ್ದ ಪದರವನ್ನು ಅಂಗಿಯ ಗುಂಡಿಯಷ್ಟೂ ಇರದ, ಗ್ರಿಡ್ ಎನ್ನುವ ತಾಮ್ರದ ಜಾಲರಿಯ ಮೇಲೆ ಎತ್ತಿಕೊಂಡು, ಕೊನೆಯಲ್ಲಿ ಅದಕ್ಕೆ ಸೀಸದ ದ್ರಾವಣ ತಾಗಿಸಬೇಕು. ಸೀಸ ಹತ್ತಿದ ಕಡೆ ಕಪ್ಪಾಗಿ, ಹತ್ತದ ಕಡೆ ಬೆಳ್ಳಗಾಗಿ ಚಿತ್ರ ಮೂಡುತ್ತದೆ. ಆದರೆ ಆ ದ್ರಾವಣಕ್ಕೆ ಮನುಷ್ಯರ ಉಸಿರು ಆಗದು. ನಾವು ಬಿಡುವ ಗಾಳಿ ತಾಗಿದರೆ ಸೀಸ ಗಟ್ಟಿಯಾಗಿ, ಚಿತ್ರದ ತುಂಬ ಕರಿ ಚುಕ್ಕೆಗಳು ಬೀಳುತ್ತವೆ. ಆದ್ದರಿಂದ ಹನಿಯ ಸುತ್ತ ಕಾಸ್ಟಿಕ್ ಸೋಡಾದ ಹರಳುಗಳನ್ನಿಟ್ಟು ಮುಚ್ಚಳ ಹಾಕುತ್ತಾರೆ. ಜಾಲರಿಯನ್ನು ಇಡುವಾಗ, ತೆಗೆಯುವಾಗ ಮುಚ್ಚಳ ಎತ್ತಲೇಬೇಕು; ಆ ಗಳಿಗೆಗಳಲ್ಲಿ ಉಸಿರು ಬಿಗಿಹಿಡಿಯಬೇಕು. ಮೌಶಿ ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ ಗಾಳಿ ಬಿಟ್ಟು, ಮತ್ತೆ ಹನಿಯ ಕಡೆ ತಿರುಗುತ್ತಿದ್ದರು. ಬಾಗಿಲ ಮೇಲೆ ಮಾತಾಡಬೇಡಿ ಎಂದು ಮರಾಠಿಯಲ್ಲಿ ಬರೆದ ರಟ್ಟು ನೇತಾಡುತ್ತಿತ್ತು. ನಿರ್ದೇಶಕರು ಬಂದರೂ ಹೊರಗೇ ನಿಲ್ಲಬೇಕು.

ಆ ರಟ್ಟನ್ನು ನಾನು ಮೀರಿದೆ. ಹಿಂದಿನ ಭಾನುವಾರ ಪುಣೆಯ ಧನಕವಡಿ ಬಡಾವಣೆಯ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ನಾದಿನಿಯರು ನನ್ನ ಹಾಸನದ ಮಾತನ್ನು ಆಡಿಕೊಂಡು ನಕ್ಕು, ತಮ್ಮ ಕಡೆಯ ನಾಲ್ಕು ಮಾತು ಕಲಿಸಿ ಕಳಿಸಿದ್ದರು. ಸೋಮವಾರ ಬೆಳಿಗ್ಗೆ ಹುರುಪಿನಲ್ಲಿ ಬಾಗಿಲು ತಳ್ಳಿ, "ಏನ್ ಮಾಡ್ಲತ್ತೀರಿ ಮೌಶಿ, ನಾಷ್ಟಾ ಆತ್ರೀ?" ಎಂದು ಹಾಡಿದಂತೆ ಅಂದೆ. ಮಾತು ಅಲ್ಲಿಯದು, ರಾಗ ಅಪ್ಪಟ ಹಾಸನದ್ದು. ಮೌಶಿಯ ಕೈಯಲ್ಲಿ ಮುಚ್ಚಳವಿತ್ತು. ಹೊಟ್ಟೆಯ ನಗು ಎದ್ದೇಬಿಟ್ಟಿತು. ಇಡೀ ಪ್ರಯೋಗಾಲಯದಲ್ಲಿ ಅವರೊಂದಿಗೆ ಕನ್ನಡ ಆಡುವವಳು ನಾನೊಬ್ಬಳೇ. ಬೇರೆ ಯಾರು ಏನೇ ಅಂದಿದ್ದರೂ ಅವರು ಹಾಗೆ ನಗುತ್ತಿರಲಿಲ್ಲ. ತಕ್ಷಣ ಮುಖ ತಿರುಗಿಸಿದರು, ಮುಚ್ಚಳ ಮುಚ್ಚಿದರು, ಕೈಯಲ್ಲೇ ನನ್ನನ್ನು ಆಚೆ ಅಟ್ಟಿದರು. ಸಮಯಕ್ಕೆ ತಿರುಗಿದೆ ಎಂದೇ ಅವರು ಅಂದುಕೊಂಡರು. ನಾನಂತೂ ಆ ಬಗ್ಗೆ ಯೋಚಿಸಲೇ ಇಲ್ಲ.

ವಾರದ ನಂತರ ಆ ಜಾಲರಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟಾಗ, ಹಾಸ್ಟೋರಿಯಂ ಒಳಗೂ ಅದರ ಪೊರೆಯ ಸುತ್ತಲೂ ಗುಂಡಗೆ ಕರಿ ಕಾಳುಗಳು ಕಂಡವು. ಯಾವ ಪುಸ್ತಕದಲ್ಲೂ ಅವು ಇರಲಿಲ್ಲ. ಗಿಡದಿಂದ ಶಿಲೀಂಧ್ರಕ್ಕೆ ಆಹಾರ ಸಾಗುವ ಬುತ್ತಿಯೇ ಇದಿರಬಹುದು ಎಂದು ನನ್ನ ಮಾರ್ಗದರ್ಶಕರು, ಎಂದೂ ಹೊಗಳದ ನಮ್ಮ ಸರ್, ಕುರ್ಚಿಯಿಂದ ಎದ್ದು ನಿಂತರು. ನನಗೆ ಉಳಿದಿದ್ದ ಅವಧಿ ಒಂದು ವರ್ಷಕ್ಕೂ ಕಡಿಮೆ, ಅಲ್ಲಿಯವರೆಗೆ ಪ್ರಬಂಧದಲ್ಲಿ ನನ್ನದು ಎನ್ನುವಂಥ ಒಂದು ಸಾಲೂ ಇರಲಿಲ್ಲ. ಸರ್ ಒಂದೇ ಪ್ರಶ್ನೆ ಕೇಳಿದರು, ಬಣ್ಣ ಹಚ್ಚಿದ್ದು ಯಾರು. ಮೌಶಿ ಎಂದೆ. ಹಾಗಾದರೆ ಕೊಳೆ ಎನ್ನುವ ಮಾತೇ ಇಲ್ಲ ಎಂದರು.

ಆದರೆ ಮೂಲ ಚಿತ್ರದ ಎಡ ಮೂಲೆಯಲ್ಲಿ, ಎಲೆಯ ಕೋಶಗಳ ನಡುವಿನ ಖಾಲಿ ಜಾಗದಲ್ಲಿ, ಬರೀ ಅಂಟು ತುಂಬಿದ ಕಡೆಯೂ ಮೂರು ಕಾಳುಗಳಿದ್ದವು. ಅಲ್ಲಿ ಗಿಡವೂ ಇಲ್ಲ, ತುಕ್ಕೂ ಇಲ್ಲ. ಅಲ್ಲಿ ಆಹಾರದ ಬುತ್ತಿಗೆ ಏನು ಕೆಲಸ? ನಾನು ಅದನ್ನು ನೋಡಿದೆ. ಧೂಳಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಚಿತ್ರ ಅಂದವಾಗಿ ಕಾಣಲಿ ಎಂಬ ನೆಪದಲ್ಲಿ ಆ ಮೂಲೆಯನ್ನು ಕತ್ತರಿಸಿ, ಉಳಿದದ್ದನ್ನು ಸರ್‌ಗೆ ಕೊಟ್ಟೆ. ಎರಡು ಸಲ ಮೌಸ್ ಒತ್ತಿದರೆ ಆಗುವ ಕೆಲಸ.

ಸರ್ ಅದನ್ನು ದೊಡ್ಡದಾಗಿ ಮುದ್ರಿಸಿ ಕಾರಿಡಾರಿನ ಫಲಕಕ್ಕೆ ಹಚ್ಚಿದರು. ಮೌಶಿ ಎರಡು ದಿನ ಅದರ ಮುಂದೆ ನಿಂತು ನಿಂತು ಹೋದರು. ಮೂರನೆಯ ದಿನ ನನ್ನ ಬಳಿ ಬಂದು, ಇದರ ಪೂರ್ತಿ ಚಿತ್ರ ತೋರಿಸು ಎಂದರು. ಇದೇ ಪೂರ್ತಿ ಎಂದೆ. ಅವರು ನನ್ನ ಮುಖ ನೋಡಿ ಆಗಲಿ ಎಂದು ಹೋದರು. ಮಧ್ಯಾಹ್ನ ತಾವೇ ಡಬ್ಬಿಯಿಂದ ಆ ಜಾಲರಿ ತೆಗೆದು, ಸೂಕ್ಷ್ಮದರ್ಶಕದಲ್ಲಿಟ್ಟು, ಮೂಲೆಮೂಲೆ ನೋಡಿದರು. ಆಮೇಲೆ ನೇರ ಸರ್ ಕೋಣೆಗೆ ಹೋದರು. ನನ್ನನ್ನೂ ಕರೆಸಿದರು.

ಸರ್ ಮುಂದೆ ಮೌಶಿ ನಿಂತೇ ಮಾತಾಡಿದರು. ಕಾಳುಗಳು ಗಿಡವಿಲ್ಲದ ಕಡೆಯೂ ಇವೆ, ಅವು ಸೀಸದ ಕೊಳೆ, ಆ ದಿನ ಮುಚ್ಚಳ ತೆಗೆದಿದ್ದಾಗ ನಾನು ನಕ್ಕೆ ಎಂದು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಯಾಕೆ ನಕ್ಕದ್ದು, ಯಾರು ನಗಿಸಿದ್ದು, ಏನೂ ಇಲ್ಲ. ಸರ್ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿ, ಖಾಲಿ ಜಾಗದಲ್ಲಿದ್ದದ್ದು ನಿನಗೆ ಕಾಣಲಿಲ್ಲವೇ ಎಂದು ಕೇಳಿದರು.

ಗಮನಿಸಲಿಲ್ಲ ಸರ್ ಎಂದೆ.

ಮೌಶಿ ಪಕ್ಕದಲ್ಲೇ ಇದ್ದರು. ಏನೂ ಅನ್ನಲಿಲ್ಲ.

ಅದೇ ಅಂಟಿನ ತುಂಡಿನಿಂದ ಹೊಸ ಪದರ ಕೊಯ್ದು, ಹೊಸದಾಗಿ ಸೀಸ ಹಚ್ಚಿದೆವು. ಚೀಲ ಇತ್ತು, ಪೊರೆ ಇತ್ತು, ಜೋಡಿ ನ್ಯೂಕ್ಲಿಯಸ್ ಇದ್ದವು. ಕಾಳುಗಳು ಮಾತ್ರ ಇರಲಿಲ್ಲ. ನನ್ನ ಶೋಧ ಅಲ್ಲಿಗೆ ಮುಗಿಯಿತು. ಪೊರೆಯ ಮಡಿಕೆಗಳ ಮೇಲೆ ಒಂದು ಸಾಧಾರಣ ಅಧ್ಯಾಯ ಬರೆದೆ, ಅವಧಿ ಮುಗಿದು ಎರಡು ತಿಂಗಳಾದ ಮೇಲೆ ಡಿಗ್ರಿ ಬಂತು. ಪೆಟ್ಟು ಬಿದ್ದದ್ದು ಮೌಶಿಯ ಹೆಸರಿಗೆ. ಮೌಶಿ ಕೊಯ್ದದ್ದು ಎಂದರೆ ಎದುರು ಮಾತಾಡದಿದ್ದ ಬೇರೆ ವಿಭಾಗದವರು ಈಗ ಇನ್ನೊಂದು ಸಲ ಹಚ್ಚಿ ಕೊಡುತ್ತೀರಾ ಎಂದು ಕೇಳತೊಡಗಿದರು. ಕ್ಯಾಂಟೀನಿನಲ್ಲಿ ಯಾರೋ, ಮೌಶಿಯ ಮುಂದೆ ಜೋಕು ಹೇಳಬೇಡಿ, ಪೇಪರ್ ಹೋಗುತ್ತದೆ ಎಂದರು. ಮೌಶಿಯೂ ಎಲ್ಲರೊಂದಿಗೆ ನಕ್ಕರು. ನಾನು ಅದೇ ಮೇಜಿನಲ್ಲಿದ್ದೆ. ಆಗಲಾದರೂ ಎದ್ದು ಹೇಳಬಹುದಿತ್ತು, ಹೇಳಲಿಲ್ಲ. ಮೊದಲು ಡಿಗ್ರಿಯ ಭಯ. ಆಮೇಲೆ ಅದೇ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು, ಆಗ ಕೆಲಸದ ಭಯ. ಕೊನೆಕೊನೆಗೆ ಇಷ್ಟು ತಡವಾಗಿ ಹೇಳುವುದು ಹೇಗೆ ಎಂಬ ಭಯ.

ನಮ್ಮಲ್ಲಿ ಪ್ರತಿ ಜನವರಿಯಲ್ಲಿ ಹೊಸ ವಿದ್ಯಾರ್ಥಿಗಳಿಗೆ ಐದು ದಿನದ ತರಬೇತಿ ನಡೆಯುತ್ತದೆ. ಸೀಸ ಹಚ್ಚುವ ಪಾಠ ಮೌಶಿಯದು. ಆ ಘಟನೆಯ ಮರುವರ್ಷದಿಂದ ಅವರು ಪಾಠವನ್ನು ಅಲ್ಲಿಂದಲೇ ಶುರುಮಾಡತೊಡಗಿದರು. ಫಲಕಕ್ಕೆ ಹಚ್ಚಿದ್ದ ಆ ಚಿತ್ರವನ್ನು ಜೋಪಾನವಾಗಿಟ್ಟಿದ್ದರು. ಅದನ್ನು ಎತ್ತಿ ಹಿಡಿದು, ಇದು ತುಕ್ಕಲ್ಲ, ಇದು ನನ್ನ ಉಸಿರು, ಇಷ್ಟು ವರ್ಷ ಕೆಲಸ ಮಾಡಿದವಳು ಒಂದು ದಿನ ನಕ್ಕೆ ಎನ್ನುತ್ತಿದ್ದರು. ಹುಡುಗರು ನಗುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ತರಬೇತಿಯ ವ್ಯವಸ್ಥೆ ನೋಡಿಕೊಳ್ಳುವವಳು ನಾನೇ ಆದ್ದರಿಂದ ಕೊನೆಯ ಸಾಲಿನಲ್ಲಿ ಕೂತು ವರ್ಷವರ್ಷವೂ ಕೇಳಬೇಕಿತ್ತು. ಇವರಿಗೆ ತಮ್ಮ ತಪ್ಪನ್ನು ಸಾರಿಕೊಳ್ಳುವ ಚಟ ಯಾಕೆ ಎಂದು ಒಳಗೊಳಗೇ ರೇಗುತ್ತಿತ್ತು. ನನ್ನನ್ನು ಚುಚ್ಚಲೆಂದೇ ಹೇಳುತ್ತಾರೆ ಎಂದು ಒಂದು ವರ್ಷವಂತೂ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅವರು ಎಂದಿನಂತೆ ಸಂಕ್ರಾಂತಿಗೆ ಎಳ್ಳು ಹಚ್ಚಿದ ರೊಟ್ಟಿ ಕಟ್ಟಿಕೊಂಡು ಬಂದರು.

ಈ ಜನವರಿಯ ತಂಡ ಅವರ ಕೊನೆಯ ತಂಡ. ಮರುತಿಂಗಳೇ ಅವರ ನಿವೃತ್ತಿ. ಮುಂದಿನ ಸಾಲಿನಲ್ಲಿ ನನ್ನ ಸ್ವಂತ ವಿದ್ಯಾರ್ಥಿಗಳಿಬ್ಬರು ಕೂತಿದ್ದರು. ನಿಮ್ಮ ಚಿತ್ರದ ಅಂಚುಗಳನ್ನೂ ತನ್ನಿ ಎಂದು ಅವರನ್ನು ನಾನು ಹಿಂದಿನ ವಾರವಷ್ಟೇ ಗದರಿದ್ದೆ. ಮೌಶಿ ಚಿತ್ರ ಎತ್ತಿದರು, ಒಂದು ದಿನ ನಕ್ಕೆ ಎಂದರು. ಹುಡುಗರು ನಕ್ಕರು. ಮೌಶಿ ಮುಂದಿನ ಮಾತಿಗೆ ಹೋಗದೆ ಸುಮ್ಮನೆ ನಿಂತರು. ನಾನು ಎದ್ದೆ. ನನ್ನ ಹರಕು ಮರಾಠಿಯಲ್ಲಿ, ಅವರನ್ನು ನಗಿಸಿದ್ದು ನಾನು, ಖಾಲಿ ಜಾಗದ ಚುಕ್ಕೆಗಳನ್ನು ನೋಡಿದ್ದೆ, ನೋಡಿಯೇ ಆ ಮೂಲೆಯನ್ನು ಕತ್ತರಿಸಿದೆ, ಸರ್ ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಇಷ್ಟು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ನನ್ನ ವಿದ್ಯಾರ್ಥಿನಿ ತಿರುಗಿ ನೋಡಿ, ಮತ್ತೆ ತಲೆ ತಗ್ಗಿಸಿದಳು. ಯಾರೂ ನಗಲಿಲ್ಲ.

ಮೌಶಿ ಚಿತ್ರವನ್ನು ಮೇಜಿನ ಮೇಲಿಟ್ಟರು. ಇದನ್ನೂ ಬರೆದುಕೊಳ್ಳಿ ಎಂದು ಹುಡುಗರಿಗೆ ಹೇಳಿ, ಹರಳುಗಳ ಡಬ್ಬಿ ತೆರೆದು ಪಾಠ ಮುಂದುವರಿಸಿದರು. ಮುಗಿಯುವವರೆಗೂ ನನ್ನ ಕಡೆ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಕ್ಷಮಿಸಿ ಎಂದು ಶುರುಮಾಡಿದೆ. ಅವರು ಕೈ ಅಡ್ಡ ಮಾಡಿದರು.

"ನನಗ ಗೊತ್ತಿತ್ತವಾ. ನಾ ಗ್ರಿಡ್ ಹಾಕಿ ನೋಡಿದ್ದಿಲ್ಲೇನು? ಆ ಮೂಲ್ಯಾಗಿನ ಚುಕ್ಕಿ ಎಂಥವರಿಗೂ ಕಾಣತಾವ."

"ಮತ್ತೆ ಅವತ್ತು ಸರ್ ಹತ್ರ ಯಾಕೆ ಹೇಳ್ಲಿಲ್ಲ ಮೌಶಿ?"

"ನಂದು ನಾ ಹೇಳ್ದೆ. ನಿಂದು ನಾ ಹ್ಯಾಂಗ ಹೇಳ್ಲಿ?"

ಸರ್‌ಗೂ ಇವತ್ತೇ ಫೋನ್ ಮಾಡಿ ಹೇಳುತ್ತೇನೆ ಎಂದೆ. ಅವರು ಹೂಂ ಎಂದರು. ಆಮೇಲೆ, ಪ್ರತಿ ವರ್ಷ ಆ ಕಥೆ ಹೇಳುತ್ತಿದ್ದದ್ದು ಹುಡುಗರಿಗಾಗಿಯೇ ಎಂದು ತಿಳಿದೆಯಾ ಎಂದು ಕೇಳಿದರು. ನಕ್ಕೆ ಎಂದ ಮೇಲೆ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರಂತೆ. ಹಿಂದಿನ ಸಾಲಿನಲ್ಲಿ ನಾನು ಏಳುತ್ತೇನೇನೋ ಎಂದು ನೋಡುತ್ತಿದ್ದರಂತೆ. ಆರು ವರ್ಷ ಹಾಗೆ ನಿಂತಿದ್ದರು, ಆರು ವರ್ಷ ನಾನು ಮೊಬೈಲು ನೋಡುತ್ತಾ ಕೂತಿದ್ದೆ.

ಮೌಶಿ ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದಿಟ್ಟುಕೊಂಡರು.

"ಈ ಸಲ ಕೊನೀದು ನೋಡು," ಎಂದರು. "ನೀ ಏಳಲಿಲ್ಲಂದ್ರ ಏನ್ ಮಾಡೂದು ಅಂತ ಮುಂಜಾನಿಂದ ನನಗ ಭಾಳ ಹೆದರಿಕಿ ಆಗಿತ್ತವಾ."